ರಿಟೈರ್ ಆದ ಮೇಲೆ ರಸ್ತೆಯಲ್ಲೇ ಮನೆ: ವ್ಯಾನೋ, ಟ್ರೇಲರೋ, ಮೋಟರ್‌ಹೋಮೋ?

ಈ ಸಲ ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವರು ಕೇಳಿದರು: "ಮುಂದಿನ ವರ್ಷ ರಿಟೈರ್ ಆಗ್ತೀನಿ. ಒಂದು ಆರ್‌ವಿ ತಗೊಂಡು ಅಮೆರಿಕಾ ಎಲ್ಲ ಸುತ್ತಬೇಕು ಅಂತ ಇಬ್ರಿಗೂ ಆಸೆ. ನೀವು ಸುತ್ತಿದ್ದೀರಲ್ಲ, ಯಾವುದು ತಗೊಳ್ಳೋದು ಹೇಳಿ." ಎದುರು ಸಾಲಿನಲ್ಲಿದ್ದ ದಂಪತಿಗಳೂ ಕಿವಿಗೊಟ್ಟು ಕೂತರು.

ಓದಲು, ಕೆಲಸ ಮಾಡಲು ಅಂತ 1980–90ರ ದಶಕಗಳಲ್ಲಿ ಇಲ್ಲಿಗೆ ಬಂದ ನಮ್ಮ ಪೀಳಿಗೆ ಈಗ ಒಟ್ಟೊಟ್ಟಿಗೆ ನಿವೃತ್ತಿಗೆ ಬಂದಿದೆ. ಮಕ್ಕಳು ಒಬ್ಬೊಬ್ಬರು ಒಂದೊಂದು ರಾಜ್ಯದಲ್ಲಿದ್ದಾರೆ. ಹೋಗಿ ಇಳಿದುಕೊಳ್ಳೋಕೆ ನಮ್ಮದೇ ಮನೆ ಜೊತೆಯಲ್ಲಿದ್ದರೆ ಎಷ್ಟು ಚೆಂದ ಅಲ್ವಾ? ಆದರೆ ಇದು ಕಾರು ಕೊಂಡಂತಲ್ಲ. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

ಇಂಜಿನ್ ಮತ್ತು ಮನೆ: ಒಟ್ಟಿಗೋ, ಬೇರೆ ಬೇರೆಯೋ?

ಆರ್‌ವಿ ಅಂದರೆ ರಿಕ್ರಿಯೇಷನಲ್ ವೆಹಿಕಲ್. ಮಲಗೋಕೆ, ಅಡುಗೆ ಮಾಡೋಕೆ, ಹೆಚ್ಚಿನವುಗಳಲ್ಲಿ ಸ್ನಾನಕ್ಕೂ ಜಾಗ ಇರುವ ಗಾಡಿಗಳಿಗೆಲ್ಲ ಇದೊಂದೇ ಹೆಸರು. ಶೋರೂಮಿಗೆ ಹೋದರೆ ಲೆಕ್ಕವಿಲ್ಲದಷ್ಟು ಮಾದರಿಗಳು ಕಾಣುತ್ತವೆ. ಮೂಲದಲ್ಲಿ ಇರುವುದು ಎರಡೇ ಜಾತಿ. ಒಂದರಲ್ಲಿ ಮನೆಗೇ ಇಂಜಿನ್ ಇರುತ್ತದೆ. ಅದು ವ್ಯಾನು ಮತ್ತು ಮೋಟರ್‌ಹೋಮ್. ಇನ್ನೊಂದರಲ್ಲಿ ಮನೆಗೆ ಇಂಜಿನ್ ಇಲ್ಲ, ಬೇರೆ ಗಾಡಿ ಅದನ್ನು ಎಳೆಯಬೇಕು. ಅದು ಟ್ರೇಲರ್. ಮಂಡ್ಯದ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಕಬ್ಬಿನ ಟ್ರೇಲರ್ ಹೋಗುತ್ತದಲ್ಲ, ಅದೇ ಏರ್ಪಾಡು.

ಈ ಒಂದು ವ್ಯತ್ಯಾಸದಿಂದ ದಿನದ ಬದುಕು ಪೂರ್ತಿ ಬದಲಾಗುತ್ತದೆ. ಮೋಟರ್‌ಹೋಮಿನಲ್ಲಿ ದಾರಿ ಬದಿ ನಿಲ್ಲಿಸಿ, ಕೆಳಗಿಳಿಯದೆಯೇ ಹಿಂದೆ ಹೋಗಿ ಟಾಯ್ಲೆಟ್ ಬಳಸಬಹುದು, ಕಾಫಿ ಮಾಡಿಕೊಳ್ಳಬಹುದು. ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾದ ವಯಸ್ಸಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಇಂಜಿನ್ ಕೆಟ್ಟು ಗ್ಯಾರೇಜಿಗೆ ಹೋದರೆ ಮನೆಯೂ ಅದರ ಜೊತೆ ಹೋಯಿತು. ಅಷ್ಟು ದಿನ ನೀವು ಹೋಟೆಲಿನಲ್ಲಿ ಇರಬೇಕು. ಟ್ರೇಲರ್ ಇದ್ದರೆ ಪಿಕಪ್ ಮಾತ್ರ ರಿಪೇರಿಗೆ ಹೋಗುತ್ತದೆ, ಮನೆ ನಿಂತಲ್ಲೇ ಇರುತ್ತದೆ. ಕ್ಯಾಂಪಿನಲ್ಲಿ ಟ್ರೇಲರ್ ಬಿಚ್ಚಿಟ್ಟು ಪಿಕಪ್‌ನಲ್ಲಿ ತರಕಾರಿ ತರಲು ಹೋಗಬಹುದು. ದೊಡ್ಡ ಮೋಟರ್‌ಹೋಮಿನವರು ಅದಕ್ಕಾಗಿ ಹಿಂದೆ ಒಂದು ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಅದನ್ನು ಇಲ್ಲಿ 'ಟೋಡ್' ಅನ್ನುತ್ತಾರೆ.

ಹಾಗಾಗಿ ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಇಷ್ಟೇ: ಒಂದು ಜಾಗದಲ್ಲಿ ಎಷ್ಟು ದಿನ ಇರ್ತೀರಿ? ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸುವವರಿಗೆ ವ್ಯಾನು ಅಥವಾ ಸಣ್ಣ ಮೋಟರ್‌ಹೋಮ್ ಒಗ್ಗುತ್ತದೆ. ಒಂದೊಂದು ಕಡೆ ಎರಡು ವಾರ, ಒಂದು ತಿಂಗಳು ಇರುವವರಿಗೆ ಟ್ರೇಲರ್ ಸರಿ.

ಎ, ಬಿ, ಸಿ ಅಂದರೇನು?

ಮೋಟರ್‌ಹೋಮ್‌ಗಳಿಗೆ ಕ್ಲಾಸ್ ಎ, ಬಿ, ಸಿ ಅಂತ ಮೂರು ವರ್ಗ. ಅಕ್ಷರದ ಕ್ರಮ ನೋಡಿ ಮೋಸ ಹೋಗಬೇಡಿ. ಎ ದೊಡ್ಡದು, ಬಿ ಚಿಕ್ಕದು, ಸಿ ನಡುವಿನದು.

ಕ್ಲಾಸ್ ಬಿ ಅಂದರೆ ವ್ಯಾನು. ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್, ರಾಮ್ ಪ್ರೊಮಾಸ್ಟರ್, ಅಂದರೆ ಮನೆಗೆ ಪಾರ್ಸೆಲ್ ತರುವ ವ್ಯಾನುಗಳೇ. ಅದರೊಳಗೆ ಮಂಚ, ಒಲೆ, ಸಿಂಕು, ಪುಟ್ಟ ಟಾಯ್ಲೆಟ್ ಕೂರಿಸಿರುತ್ತಾರೆ. ಗ್ಯಾಲನ್‌ಗೆ ಸುಮಾರು 15ರಿಂದ 18 ಮೈಲಿ ಕೊಡುತ್ತದೆ, ಅಂದರೆ ಲೀಟರಿಗೆ 6–8 ಕಿ.ಮೀ. ಸಾಮಾನ್ಯ ಪಾರ್ಕಿಂಗ್ ಜಾಗದಲ್ಲಿ ನಿಲ್ಲುತ್ತದೆ. ಆದರೆ ಒಬ್ಬರು ಅಡುಗೆಗೆ ನಿಂತರೆ ಇನ್ನೊಬ್ಬರು ಕೂತೇ ಇರಬೇಕು. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಅದರ ಘಾಟು ಹಾಸಿಗೆ, ದಿಂಬಿಗೆಲ್ಲ ಹತ್ತುತ್ತದೆ. ನಮ್ಮ ಅಡುಗೆಯವರು ವ್ಯಾನು ಕೊಂಡರೆ ಹೊರಗೆ ಇಟ್ಟು ಬಳಸುವ ಒಲೆಯೊಂದು ಬೇಕೇ ಬೇಕು.

ಕ್ಲಾಸ್ ಸಿ ಅಂದರೆ ಮುಂದೆ ವ್ಯಾನಿನ ಮೂತಿ, ಹಿಂದೆ ಪೆಟ್ಟಿಗೆಯಂಥ ಮನೆ. ಡ್ರೈವರ್ ತಲೆಯ ಮೇಲೆ ಚಾಚಿಕೊಂಡ ಒಂದು ಮಂಚ ಇರುವುದೇ ಇದರ ಗುರುತು. ಮೊಮ್ಮಕ್ಕಳು ಬಂದರೆ ಅಲ್ಲಿ ಮಲಗುತ್ತಾರೆ. ಕ್ಲಾಸ್ ಎ ನೋಡಲು ಬಸ್ಸಿನಂತೆಯೇ ಇರುತ್ತದೆ. ಒಳಗೆ ನಿಜವಾದ ಮನೆಯಷ್ಟು ಸೌಕರ್ಯ. ಪೆಟ್ರೋಲ್ ಗಾಡಿಯಾದರೆ ಗ್ಯಾಲನ್‌ಗೆ 7–8 ಮೈಲಿ.

ಟ್ರೇಲರ್‌ಗಳಲ್ಲಿ ಎರಡು ಬಗೆ. ಗಾಡಿಯ ಹಿಂದಿರುವ ಕಬ್ಬಿಣದ ಚೆಂಡಿಗೆ ಸಿಕ್ಕಿಸಿ ಎಳೆಯುವುದು ಟ್ರಾವೆಲ್ ಟ್ರೇಲರ್. ಬೆಳ್ಳಿಯ ಡಬ್ಬಿಯಂತೆ ಹೊಳೆಯುವ ಏರ್‌ಸ್ಟ್ರೀಮ್ ಈ ಬಗೆಯದು. ಪಿಕಪ್‌ನ ಹಿಂಬದಿಯ ತೊಟ್ಟಿಯೊಳಗೇ ಮೂತಿ ಇಟ್ಟು ಕೂರುವುದು ಫಿಫ್ತ್ ವೀಲ್. ಐದನೇ ಚಕ್ರ ಎಲ್ಲಿದೆ ಅಂತ ಹುಡುಕಬೇಡಿ. ಹಿಂದಿನ ಕಾಲದ ಕುದುರೆ ಗಾಡಿಗಳಲ್ಲಿ ಮುಂದಿನ ಅಚ್ಚು ತಿರುಗಲಿ ಅಂತ ಅಡ್ಡಲಾಗಿ ಒಂದು ಬಳೆ ಕೂರಿಸುತ್ತಿದ್ದರು. ಆ ಬಳೆಯ ಹೆಸರೇ ಇದಕ್ಕೆ ಉಳಿದುಕೊಂಡಿದೆ. ತೂಕ ಪಿಕಪ್‌ನ ಹಿಂದಿನ ಅಚ್ಚಿನ ಮೇಲೆಯೇ ಬೀಳುವುದರಿಂದ ಫಿಫ್ತ್ ವೀಲ್ ಜಾಸ್ತಿ ಓಲಾಡುವುದಿಲ್ಲ. ಪಿಕಪ್ ಮಾತ್ರ ದೊಡ್ಡದೇ ಬೇಕು.

'ಸ್ಲೈಡ್‌ಔಟ್' ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ಬೆಂಕಿಪೊಟ್ಟಣದ ಒಳಗಿನ ಡಬ್ಬಿಯನ್ನು ತಳ್ಳಿದರೆ ಹೊರಗೆ ಬರುತ್ತದಲ್ಲ, ಹಾಗೆ ಗಾಡಿ ನಿಲ್ಲಿಸಿದ ಮೇಲೆ ಗೋಡೆಯ ಒಂದು ಭಾಗ ಹೊರಗೆ ಜರುಗುತ್ತದೆ. ಒಳಗೆ ಓಡಾಡಲು ಜಾಗ ಸಿಗುತ್ತದೆ. ಕೊಳ್ಳುವ ಮುಂಚೆ ಅದನ್ನು ಒಳಗೆ ತಳ್ಳಿಸಿ ನೋಡಿ. ಆಗಲೂ ಟಾಯ್ಲೆಟ್ಟಿಗೆ, ಫ್ರಿಜ್ಜಿಗೆ ದಾರಿ ಇದೆಯಾ? ಕೆಲವು ಗಾಡಿಗಳಲ್ಲಿ ಇರುವುದಿಲ್ಲ. ಊಟಕ್ಕೆ ಅಂತ ದಾರಿಯಲ್ಲಿ ನಿಲ್ಲಿಸಿದಾಗ ಮೊಸರು ತೆಗೆದುಕೊಳ್ಳೋಕೂ ಆಗುವುದಿಲ್ಲ.

ತೂಕದ ಲೆಕ್ಕ

ಜನ ಬಣ್ಣ ನೋಡುತ್ತಾರೆ, ಸೋಫಾ ನೋಡುತ್ತಾರೆ, ತೂಕ ನೋಡುವುದಿಲ್ಲ. ಸೇಲ್ಸ್‌ಮನ್ "ನಿಮ್ಮ ಪಿಕಪ್ ಇದನ್ನ ಆರಾಮಾಗಿ ಎಳೆಯುತ್ತೆ" ಅನ್ನುತ್ತಾನೆ. ಎಳೆಯುವ ಶಕ್ತಿ ಒಂದು, ಹೊರುವ ಶಕ್ತಿ ಇನ್ನೊಂದು. ಮುಕ್ಕಾಲು ತೊಂದರೆ ಶುರುವಾಗುವುದು ಈ ಎರಡನ್ನೂ ಒಂದೇ ಅಂದುಕೊಂಡಾಗ.

ನಿಮ್ಮ ಪಿಕಪ್‌ನ ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲು ಮುಚ್ಚಿದಾಗ ಮರೆಯಾಗುವ ಕಂಬದ ಮೇಲೆ ಒಂದು ಹಳದಿ ಪಟ್ಟಿಯ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎರಡೂ ಸೇರಿ ಇಷ್ಟು ಕೆ.ಜಿ. ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಅದು ಆ ಒಂದು ಗಾಡಿಗೆಂದೇ ಅಳೆದು ಬರೆದ ಸಂಖ್ಯೆ. ಜಾಹೀರಾತಿನಲ್ಲಿ ಬರುವ ಸಂಖ್ಯೆಯನ್ನು ಬಿಟ್ಟು ಇದನ್ನು ನಂಬಿ.

ಇನ್ನು ಎತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ಹಿಂದುಗಡೆ ಭಾರ ಜಾಸ್ತಿ ಆದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತುಗಳ ಕತ್ತಿನಿಂದ ಏಳುತ್ತದೆ. ಮುಂದುಗಡೆ ಭಾರ ಜಾಸ್ತಿ ಆದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಅದಕ್ಕೇ ನಮ್ಮಜ್ಜ ಮೂಟೆಗಳನ್ನು ಹಿಂದೆ ಮುಂದೆ ಸರಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ ಹದ ಮಾಡುತ್ತಿದ್ದರು. ಟ್ರೇಲರಿನದೂ ಇದೇ ಲೆಕ್ಕ. ಅದರ ಮೂಕಿ ಪಿಕಪ್ ಮೇಲೆ ಒತ್ತುವ ತೂಕಕ್ಕೆ 'ಟಂಗ್ ವೇಟ್' ಅನ್ನುತ್ತಾರೆ. ಅದು ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. ಕಡಿಮೆ ಆದರೆ ಹೈವೇಯಲ್ಲಿ ಟ್ರೇಲರ್ ಹಾವಿನಂತೆ ಆಚೀಚೆ ಬಳುಕಲು ಶುರು ಮಾಡುತ್ತದೆ. ಅದು ಪ್ರಾಣಕ್ಕೇ ಅಪಾಯ.

ಈಗ ಲೆಕ್ಕ ಹಾಕೋಣ. ನಿಮ್ಮ ಪಿಕಪ್ 4,000 ಕೆ.ಜಿ. ಎಳೆಯುತ್ತದೆ, ಚೀಟಿಯಲ್ಲಿ ಪೇಲೋಡ್ 680 ಕೆ.ಜಿ. ಅಂತ ಇದೆ ಅನ್ನಿ. ನೀವು ಮೆಚ್ಚಿದ ಟ್ರೇಲರ್ ತುಂಬಿದಾಗ 3,200 ಕೆ.ಜಿ. ಎಳೆಯುವ ಲೆಕ್ಕದಲ್ಲಿ ಇನ್ನೂ 800 ಕೆ.ಜಿ. ಉಳಿಯಿತು ಅಂತ ಖುಷಿಯಾಗುತ್ತದೆ. ಆದರೆ ಅದರ ಮೂಕಿ 13 ಶೇಕಡಾ ಲೆಕ್ಕದಲ್ಲಿ 416 ಕೆ.ಜಿ. ಒತ್ತುತ್ತದೆ. 680ರಲ್ಲಿ ಉಳಿದದ್ದು 264. ನೀವಿಬ್ಬರು ಸೇರಿ 150 ಕೆ.ಜಿ. ಅಂದರೂ ಉಳಿಯುವುದು 114. ತೂಕವನ್ನು ಸಮ ಹಂಚುವ ಹಿಚ್ (ಟ್ರೇಲರನ್ನು ಜೋಡಿಸುವ ಕಬ್ಬಿಣದ ಕೊಂಡಿ) 40 ಕೆ.ಜಿ. ಅಂದರೆ ಇನ್ನು 74. ಜನರೇಟರು, ಟೂಲ್ ಬಾಕ್ಸು, ಮಡಚುವ ಕುರ್ಚಿಗಳು, ಒಂದು ಮೂಟೆ ಸೋನಾ ಮಸೂರಿ. ಅಲ್ಲಿಗೆ ಮುಗಿಯಿತು. ಎಳೆಯುವ ಶಕ್ತಿ ಬೇಕಾದಷ್ಟು ಉಳಿದಿದ್ದರೂ ಹೊರುವ ಶಕ್ತಿ ಖಾಲಿ.

ಫಿಫ್ತ್ ವೀಲ್ ಆದರೆ ಒಟ್ಟು ತೂಕದ ಸುಮಾರು ಐದನೇ ಒಂದು ಭಾಗ ಪಿಕಪ್ ಮೇಲೆ ಕೂರುತ್ತದೆ. 5,500 ಕೆ.ಜಿ.ಯ ಗಾಡಿಗೆ 1,100 ಕೆ.ಜಿ. ಇದಕ್ಕೆ ಸಾಮಾನ್ಯ ಪಿಕಪ್ ಸಾಲದು, 'ಒನ್ ಟನ್' ಅನ್ನುವ ಭಾರಿ ಪಿಕಪ್ಪೇ ಬೇಕು. ಆದ್ದರಿಂದ ಮನೆ ಆರಿಸಿದ ಮೇಲೆ ಎಳೆಯುವ ಗಾಡಿ ಕೊಳ್ಳಿ. ನಾವು ಮಾಡಿದ್ದು ಉಲ್ಟಾ. ಪಿಕಪ್ ಮೊದಲೇ ಮನೆಯಲ್ಲಿತ್ತು, ಹಾಗಾಗಿ ಮೆಚ್ಚಿದ ಮೂರು ಟ್ರೇಲರ್‌ಗಳನ್ನು ಬಿಟ್ಟು ಬರಬೇಕಾಯಿತು.

ಮೋಟರ್‌ಹೋಮಿನಲ್ಲೂ ಇಂಥದೇ ಚೀಟಿ ಇರುತ್ತದೆ. ಎಷ್ಟೋ ಕ್ಲಾಸ್ ಸಿ ಗಾಡಿಗಳಲ್ಲಿ ಹೊರಲು ಉಳಿದಿರುವ ತೂಕ ತುಂಬಾ ಕಡಿಮೆ. ಒಂದು ಲೀಟರ್ ನೀರು ಒಂದು ಕೆ.ಜಿ. ಅನ್ನುವುದು ನೆನಪಿರಲಿ. ಟ್ಯಾಂಕ್ ತುಂಬಿಸಿದರೇ 150 ಕೆ.ಜಿ. ಹೋಯಿತು. ಕೊಂಡ ಮೇಲೆ ಸಾಮಾನೆಲ್ಲ ತುಂಬಿ ಒಮ್ಮೆ ತೂಗಿಸಿ. ಹೈವೇ ಟ್ರಕ್ ಸ್ಟಾಪ್‌ಗಳಲ್ಲಿ 'ಕ್ಯಾಟ್ ಸ್ಕೇಲ್' ಇರುತ್ತದೆ. ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚು ಮೂರರ ತೂಕವನ್ನೂ ಬೇರೆ ಬೇರೆ ಬರೆದು ಚೀಟಿ ಕೊಡುತ್ತಾರೆ.

ಮೂರು ಟ್ಯಾಂಕು, ಒಂದು ಹಂಡೆ

ಗಾಡಿಯೊಳಗೆ ಮೂರು ಟ್ಯಾಂಕ್ ಇರುತ್ತವೆ. ಒಳ್ಳೆ ನೀರಿನದು ಒಂದು. ಸಿಂಕು, ಸ್ನಾನದ ನೀರು ಸೇರುವುದು 'ಗ್ರೇ'. ಟಾಯ್ಲೆಟ್ಟಿನದು 'ಬ್ಲ್ಯಾಕ್'. ಕರೆಂಟು, ನೀರು, ಚರಂಡಿ ಮೂರೂ ಇರುವ ಕ್ಯಾಂಪಿಗೆ 'ಫುಲ್ ಹುಕಪ್' ಅನ್ನುತ್ತಾರೆ. ಅಲ್ಲಿ ಚಿಂತೆ ಇಲ್ಲ. ಏನೂ ಇಲ್ಲದ ಬಯಲಲ್ಲಿ ನಿಂತರೆ ಎಷ್ಟು ದಿನ ತಡೆಯಬಹುದು ಅನ್ನುವುದನ್ನು ಈ ಮೂರು ಟ್ಯಾಂಕುಗಳೇ ಹೇಳುತ್ತವೆ. ವ್ಯಾನಿನಲ್ಲಿ ಒಳ್ಳೆ ನೀರು 75ರಿಂದ 110 ಲೀಟರ್, ದೊಡ್ಡ ಕ್ಲಾಸ್ ಎ ಗಾಡಿಯಲ್ಲಿ 300 ಲೀಟರಿಗೂ ಜಾಸ್ತಿ.

ಬಿಸಿನೀರಿನ ಟ್ಯಾಂಕ್ ಎಷ್ಟೋ ಗಾಡಿಗಳಲ್ಲಿ 6 ಗ್ಯಾಲನ್, ಅಂದರೆ 23 ಲೀಟರ್. ಊರಿನ ಹಂಡೆಗಿಂತ ಚಿಕ್ಕದು. ಷವರ್ ಬಿಟ್ಟು ನಿಂತರೆ ಇಬ್ಬರಿಗೆ ಸಾಲದು. ಚೆಂಬು ಬಕೆಟ್ ಸ್ನಾನ ಗೊತ್ತಿರುವ ನಮಗೆ ಇದು ಕಷ್ಟವೇನಲ್ಲ. ಒಂದು ಸಣ್ಣ ಬಕೆಟ್ ಇಟ್ಟುಕೊಂಡರೆ 10–12 ಲೀಟರಲ್ಲಿ ಒಳ್ಳೆ ಸ್ನಾನ ಆಗುತ್ತದೆ.

ಬ್ಲ್ಯಾಕ್ ಟ್ಯಾಂಕ್ ಬಗ್ಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮುಂಚೆಯೇ ಹೇಳುವುದಿಲ್ಲ. ನಾವು ಮೊದಲ ಸಲ ಬಾಡಿಗೆ ಮೋಟರ್‌ಹೋಮ್ ತೆಗೆದುಕೊಂಡಾಗ ಬಾಡಿಗೆಯವರು ಪೈಪು ತೋರಿಸಿ ಕಳಿಸಿಬಿಟ್ಟರು. ಕ್ಯಾಂಪಿನಲ್ಲಿ ಪೈಪನ್ನು ಚರಂಡಿಗೆ ಸಿಕ್ಕಿಸಿ, ಬ್ಲ್ಯಾಕ್ ವಾಲ್ವನ್ನು ನಾಲ್ಕು ದಿನ ತೆರೆದೇ ಇಟ್ಟಿದ್ದೆವು. ನೀರೆಲ್ಲ ಹರಿದು ಹೋಗಿ ಗಟ್ಟಿ ಭಾಗ ತಳದಲ್ಲೇ ಒಣಗಿ ನಿಂತಿತು. ಅದನ್ನು ಸಡಿಲಿಸಲು ಅರ್ಧ ದಿನ ಬೇಕಾಯಿತು. ಸರಿಯಾದ ಕ್ರಮ ಹೀಗೆ: ಎರಡೂ ವಾಲ್ವ್ ಮುಚ್ಚಿಯೇ ಇಡಬೇಕು. ಬ್ಲ್ಯಾಕ್ ಮುಕ್ಕಾಲು ತುಂಬಿದ ಮೇಲೆ ಮೊದಲು ಅದನ್ನು ಖಾಲಿ ಮಾಡಬೇಕು. ಆಮೇಲೆ ಗ್ರೇ ಬಿಟ್ಟರೆ ಆ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೊನೆಗೆ ಬ್ಲ್ಯಾಕ್ ಟ್ಯಾಂಕಿಗೆ ಒಂದಿಷ್ಟು ನೀರು ಹಾಕಿ ಮುಚ್ಚಬೇಕು. ಟಾಯ್ಲೆಟ್ಟಿನಲ್ಲಿ ನೀರು ಧಾರಾಳವಾಗಿ ಬಳಸುವ ನಮ್ಮ ಅಭ್ಯಾಸ ಇಲ್ಲಿ ಒಳ್ಳೆಯದೇ. ಟ್ಯಾಂಕ್ ಬೇಗ ತುಂಬುತ್ತದೆ, ಆದರೆ ಕಟ್ಟಿಕೊಳ್ಳುವುದಿಲ್ಲ.

ಮಿಕ್ಸಿ ಓಡುತ್ತಾ?

ಕೂಟದ ಹೆಂಗಸರು ಕೇಳುವ ಮೊದಲ ಪ್ರಶ್ನೆ ಇದೇ, ಸರಿಯಾದ ಪ್ರಶ್ನೆಯೂ ಹೌದು. ಗಾಡಿಯಲ್ಲಿ ಎರಡು ಥರದ ಕರೆಂಟು. ದೀಪ, ನೀರಿನ ಪಂಪು, ಫ್ಯಾನು 12 ವೋಲ್ಟಿನ ಬ್ಯಾಟರಿಯಲ್ಲಿ ಓಡುತ್ತವೆ. ಎಸಿ, ಮೈಕ್ರೊವೇವ್, ಮಿಕ್ಸಿಗೆ 120 ವೋಲ್ಟ್ ಬೇಕು. ಅದು ಕ್ಯಾಂಪಿನ ಕಂಬದಿಂದ, ಜನರೇಟರಿನಿಂದ, ಇಲ್ಲವೇ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಬರಬೇಕು.

ಕ್ಯಾಂಪಿನಲ್ಲಿ '30 ಆಂಪ್' ಅಂದರೆ 3,600 ವ್ಯಾಟ್. ಎಸಿ ಓಡುತ್ತಿರುವಾಗಲೇ ಮೈಕ್ರೊವೇವ್, ಇಂಡಕ್ಷನ್ ಒಲೆ ಎರಡನ್ನೂ ಹಾಕಿದರೆ ಟ್ರಿಪ್ ಆಗುತ್ತದೆ. '50 ಆಂಪ್' ಅಂದರೆ 12,000 ವ್ಯಾಟ್, ಏಕೆಂದರೆ ಅದರಲ್ಲಿ ಎರಡು ಲೈನ್ ಬರುತ್ತವೆ.

ಬ್ಯಾಟರಿಯದು ಇನ್ನೊಂದು ಲೆಕ್ಕ. 100 ಆಂಪ್-ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ. 550 ವ್ಯಾಟಿನ ಮಿಕ್ಸಿ ಐದು ನಿಮಿಷ ಓಡಿದರೆ ಖರ್ಚಾಗುವುದು 46. ಚಟ್ನಿಗೆ ಧಾರಾಳ. 1,800 ವ್ಯಾಟಿನ ಇಂಡಕ್ಷನ್ ಒಲೆ ಅರ್ಧ ಗಂಟೆ ಉರಿದರೆ 900, ಅಂದರೆ ಬ್ಯಾಟರಿಯ ಮುಕ್ಕಾಲು ಪಾಲು ಹತ್ತಿರ. ಎಸಿ ಒಂದು ಗಂಟೆಯೂ ಓಡುವುದಿಲ್ಲ. ಹಾಗಾಗಿ ಅಡುಗೆಗೆ ಗ್ಯಾಸು, ಸೆಕೆ ಬಂದರೆ ತಂಪು ಜಾಗಕ್ಕೆ ಹೋಗುವುದು ಅಂತಲೇ ಸೋಲಾರ್‌ನಿಂದ ಬ್ಯಾಟರಿ ತುಂಬಿಸಿಕೊಳ್ಳುವವರು ಹೊಂದಿಕೊಳ್ಳುತ್ತಾರೆ. ಊರಿಂದ ತಂದ 230 ವೋಲ್ಟ್ ಮಿಕ್ಸಿ ಮಾತ್ರ ಇಲ್ಲಿ ನಡೆಯಲ್ಲ, 110–120 ವೋಲ್ಟಿನದೇ ಬೇಕು.

ಉದ್ದ, ಎತ್ತರ ಮತ್ತು ನಮ್ಮ ಮಂಡಿ

ನ್ಯಾಷನಲ್ ಪಾರ್ಕ್‌ಗಳ ರಸ್ತೆಗಳು, ಕ್ಯಾಂಪುಗಳು ಎಷ್ಟೋ ಕಡೆ ಹಳೇ ಕಾಲದ ಸಣ್ಣ ಕಾರುಗಳಿಗೆ ಮಾಡಿದ್ದು. ಮೊಂಟಾನಾದ ಗ್ಲೇಸಿಯರ್ ಪಾರ್ಕಿನ 'ಗೋಯಿಂಗ್ ಟು ದ ಸನ್' ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. 19 ಅಡಿಯ ವ್ಯಾನ್ ಹೋಗುತ್ತದೆ, 24 ಅಡಿಯದು ಹೋಗಲ್ಲ. ನಾರ್ತ್ ಕೆರೊಲಿನಾದ ಡರಮ್‌ನಲ್ಲಿ ಒಂದು ರೈಲ್ವೆ ಸೇತುವೆ 11 ಅಡಿ 8 ಇಂಚು ಎತ್ತರ ಇತ್ತು. ಎಷ್ಟೋ ಗಾಡಿಗಳ ಮಾಳಿಗೆ ಕಿತ್ತುಹಾಕಿ ಪ್ರಸಿದ್ಧವಾಯಿತು. 2019ರಲ್ಲಿ 8 ಇಂಚು ಎತ್ತರಿಸಿದರು. ನಿಮ್ಮ ಗಾಡಿಯ ಎತ್ತರವನ್ನು ಎಸಿ ಸೇರಿಸಿ ಅಳೆದು, ಸ್ಟೀರಿಂಗ್ ಮುಂದೆ ಬರೆದು ಅಂಟಿಸಿಕೊಳ್ಳಿ.

ಶೋರೂಮಿನಲ್ಲಿ ಸುಮ್ನೆ ನೋಡಿ ಬರಬೇಡಿ. ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಿ. ಗೋಡೆ ಕಡೆ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಬೇಕಾ? ಟಾಯ್ಲೆಟ್ಟಿನಲ್ಲಿ ಕೂತು ಬಾಗಿಲು ಮುಚ್ಚಿ ನೋಡಿ. ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯಿರಿ. ಟ್ರೇಲರ್ ಆದರೆ ಹಿಚ್ ಸಿಕ್ಕಿಸುವ ಕೆಲಸವನ್ನು ನೀವೇ ಮಾಡಿ ನೋಡಿ, ಬಾಗುವುದು, ಭಾರ ಎತ್ತುವುದು ಎರಡೂ ಇದೆ. ರಿವರ್ಸ್ ತೆಗೆಯುವಾಗ ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಬೇಕು. ಖಾಲಿ ಮೈದಾನದಲ್ಲಿ ಎರಡು ಭಾನುವಾರ ಅಭ್ಯಾಸ ಮಾಡಿದರೆ ಕೈ ಹತ್ತುತ್ತದೆ. ಇಬ್ಬರೂ ಕಲಿಯಿರಿ. ಒಬ್ಬರಿಗೆ ಹುಷಾರು ತಪ್ಪಿದರೆ ಇನ್ನೊಬ್ಬರು ಗಾಡಿ ಓಡಿಸಿಕೊಂಡು ಬರುವಂತಿರಬೇಕು.

ಕಾಗದ ಪತ್ರ

ಲೈಸೆನ್ಸ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ಮೀರಿದ ಮೋಟರ್‌ಹೋಮಿಗೆ ಬೇರೆ ವರ್ಗದ ಲೈಸೆನ್ಸ್ ಬೇಕು. ಟೆಕ್ಸಾಸಿನಲ್ಲಿ 26,000 ಪೌಂಡ್ ದಾಟಿದರೆ ಬೇಕು.

ಮನೆ ಮಾರಿದರೂ ಕಾನೂನಿಗೆ ಒಂದು ವಿಳಾಸ ಬೇಕೇ ಬೇಕು. ಪೂರ್ತಿ ರಸ್ತೆಯಲ್ಲೇ ಇರುವವರು ಹೆಚ್ಚಾಗಿ ಟೆಕ್ಸಾಸ್, ಫ್ಲಾರಿಡಾ, ಸೌತ್ ಡಕೋಟಾ ಆರಿಸಿಕೊಳ್ಳುತ್ತಾರೆ. ಈ ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ, ಟಪಾಲು ತೆಗೆದುಕೊಂಡು ನೀವಿದ್ದಲ್ಲಿಗೆ ಕಳಿಸುವ ಸೇವೆಗಳಿವೆ. ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿರುವ, ಆರ್‌ವಿಯವರದೇ ಆದ ಎಸ್ಕೇಪೀಸ್ ಕ್ಲಬ್ ಇದರಲ್ಲಿ ಹಳೆಯದು. ಗ್ರೀನ್ ಕಾರ್ಡ್‌ನವರು ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಇದನ್ನು ಮರೆಯುವವರು ತುಂಬಾ ಜನ.

65 ಆದವರಿಗೆ ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆಯ ವಿಷಯ ಮುಖ್ಯ. ಮೂಲ ಮೆಡಿಕೇರ್ ಇದ್ದರೆ, ಅದನ್ನು ಒಪ್ಪುವ ಯಾವ ರಾಜ್ಯದ ಡಾಕ್ಟರ ಹತ್ತಿರವೂ ಹೋಗಬಹುದು. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನುಗಳು ಸಾಮಾನ್ಯವಾಗಿ ಒಂದು ಪ್ರದೇಶದ ಡಾಕ್ಟರುಗಳಿಗೆ ಕಟ್ಟಿರುತ್ತವೆ. ತುರ್ತು ಚಿಕಿತ್ಸೆ ಎಲ್ಲಿದ್ದರೂ ಸಿಗುತ್ತದೆ, ಆದರೆ ಬಿಪಿ, ಶುಗರ್ ತಪಾಸಣೆಗೆ ತೊಂದರೆ. ರಸ್ತೆಗಿಳಿಯುವ ಮುಂಚೆ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

62 ತುಂಬಿದ ನಾಗರಿಕರಿಗೆ, ಗ್ರೀನ್ ಕಾರ್ಡ್‌ನವರಿಗೆ 80 ಡಾಲರಿನ ಸೀನಿಯರ್ ಪಾಸ್ ಇದೆ. ಜೀವಮಾನಪೂರ್ತಿ ಎಲ್ಲ ನ್ಯಾಷನಲ್ ಪಾರ್ಕಿಗೂ ಪ್ರವೇಶ, ಫೆಡರಲ್ ಕ್ಯಾಂಪುಗಳಲ್ಲಿ ಹಲವೆಡೆ ಅರ್ಧ ದರ. ನಿಮ್ಮ ಗಾಡಿಯಲ್ಲೇ ಕೂತವರ ಪ್ರವೇಶವೂ ಸಾಮಾನ್ಯವಾಗಿ ಅದರಲ್ಲೇ ಆಗುತ್ತದೆ.

ಕೊಳ್ಳುವ ಮುಂಚೆ ಬಾಡಿಗೆ

ಹೊಸ ಗಾಡಿ ಶೋರೂಮಿನ ಗೇಟು ದಾಟಿದ ಕೂಡಲೇ ಬೆಲೆ ಇಳಿಯುತ್ತದೆ. ಅದಕ್ಕೇ ಬಹಳ ಜನ ಎರಡು ಮೂರು ವರ್ಷ ಹಳೆಯದನ್ನು ಹುಡುಕುತ್ತಾರೆ. ಹಾಗೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ನೀರು ಸೋರಿದೆಯಾ ಅಂತ. ನಾವು ನೋಡಲು ಹೋದ ಒಂದು ಟ್ರೇಲರ್ ಥಳಥಳ ಹೊಳೆಯುತ್ತಿತ್ತು. ನನ್ನ ಹೆಂಡತಿ ಮಂಚದ ಹಿಂದಿನ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿದಳು. ಗೋಡೆ ನೆಂದ ರಟ್ಟಿನಂತೆ ಒಳಗೆ ಹೋಯಿತು. ಮಾಳಿಗೆಯ ಅಂಚಿನ ಸೀಲಂಟ್ ಬಿರುಕು ಬಿಟ್ಟು ವರ್ಷಗಳಿಂದ ನೀರು ಇಳಿದಿತ್ತು. ಮೂಲೆಗಳು, ಕಿಟಕಿಯ ಕೆಳಗೆ, ಸ್ಲೈಡ್‌ಔಟ್ ಪಕ್ಕದ ನೆಲ, ಎಲ್ಲವನ್ನೂ ಹೀಗೆ ಒತ್ತಿ ನೋಡಿ. ಟೈರಿನ ಮೇಲೆ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಸವೆಯದಿದ್ದರೂ ಟ್ರೇಲರ್ ಟೈರುಗಳು ಐದಾರು ವರ್ಷಕ್ಕೆ ಹಳೆಯದಾಗುತ್ತವೆ.

ಅದಕ್ಕೂ ಮುಂಚೆ ಒಂದು ವಾರ ಬಾಡಿಗೆಗೆ ತೆಗೆದುಕೊಂಡು ಇರಿ. ಮೂರು ದಿನ ಹುಕಪ್ ಇರುವ ಕಡೆ, ಮೂರು ದಿನ ಏನೂ ಇಲ್ಲದ ಕಡೆ. ಚಳಿಗಾಲವಾದರೆ ಅರಿಜೋನಾದ ಕ್ವಾರ್ಟ್‌ಸೈಟ್‌ಗೆ ಹೋಗಿ. ಎರಡೂವರೆ ಸಾವಿರ ಜನರೂ ಇಲ್ಲದ ಮರುಭೂಮಿಯ ಊರದು. ಜನವರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಗಾಡಿಗಳು. ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಕೆಲವು ಕಡೆ 14 ದಿನ ಉಚಿತವಾಗಿ ಇರಬಹುದು. ಶುಲ್ಕ ಕಟ್ಟಿದರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರುವ ಜಾಗಗಳೂ ಇವೆ. ಸಂಜೆ ಕುರ್ಚಿ ಹಾಕಿ ಕೂತವರ ಹತ್ತಿರ ಹೋಗಿ "ಒಳಗೆ ನೋಡಬಹುದಾ?" ಅಂತ ಕೇಳಿ. ಸಂತೋಷದಿಂದ ಕರೆದು ತೋರಿಸುತ್ತಾರೆ, ಏನು ತಪ್ಪು ಮಾಡಿದೆವು ಅಂತಲೂ ಬಿಚ್ಚಿ ಹೇಳುತ್ತಾರೆ. ನಾವು ನಮ್ಮ 22 ಅಡಿಯ ಟ್ರೇಲರನ್ನು ತೀರ್ಮಾನ ಮಾಡಿದ್ದು ಅಲ್ಲೇ, ಎಪ್ಪತ್ತು ದಾಟಿದ ದಂಪತಿಗಳೊಬ್ಬರ ಅಡುಗೆಮನೆಯಲ್ಲಿ ನಿಂತು, ಇಬ್ಬರೂ ಅಕ್ಕಪಕ್ಕ ಓಡಾಡಬಹುದಾ ಅಂತ ನೋಡಿದ ಮೇಲೆ.